ಬಲೆ ಹಾಕದ ನೀರು

ಕೊಲ್ಹಾರ
9 ಅಕ್ಟೋಬರ್ 2024

ದೋಸ್ತ ಮಹಮ್ಮದಹನೀಫನಿಗೆ ರೇವಪ್ಪ ಮಾಡುವ ಶರಣು.

ಗ್ರೈಂಡರ್ ಹಿಡಿದೂ ಹಿಡಿದೂ ನಿನ್ನ ಕಿವಿ ಪೂರ್ತಿ ಹೋಗಿವೆ ಎಂದು ಕಂಡಕ್ಟರ್ ಮಾನಪ್ಪ ಹೇಳಿದ. ನಾನು ಮೂರು ಸಲ ಫೋನು ಮಾಡಿದೆ. ಮೂರೂ ಸಲ ನೀನು "ಯಾರ್ರೀ, ಜೋರ ಮಾತಾಡ್ರಿ" ಎಂದು ಒದರಿ ಇಟ್ಟುಬಿಟ್ಟೆ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಮಾನಪ್ಪನ ಬಸ್ಸು ದಿನಾ ಸಿಂದಗಿಗೆ ಬರುತ್ತದೆ, ಉತ್ತರವನ್ನೂ ಅವನ ಕೈಯಲ್ಲೇ ಕೊಡು.

ವಿಷಯಕ್ಕೆ ಬರುತ್ತೇನೆ. ಗೋವಾದ ಕಡೆಯಿಂದ ಒಂದು ಹಳೆಯ ಫೈಬರ್ ಬೋಟು ತಂದಿದ್ದೇನೆ. ಇಪ್ಪತ್ತಾರು ಅಡಿ ಉದ್ದ, ಮೇಲೆ ತಗಡಿನ ನೆರಳು, ಹನ್ನೆರಡು ಮಂದಿ ಕೂಡಬಹುದು. ಅಪ್ಪ ಹರಿಗೋಲು ಹಾಕಿದ ಹೊಳೆಯಲ್ಲಿ ಮಗ ಮಷಿನ್ ಬೋಟು ಹಾಕಿದ ಎಂದು ಊರಿಗೆಲ್ಲ ಹೊಟ್ಟೆಯುರಿ. ವಿಜಯಪುರ, ಸೊಲ್ಲಾಪುರದಿಂದ ಮಂದಿ ಬರುತ್ತಾರೆ. ಸೇತುವೆ, ಹಕ್ಕಿ, ಹಿನ್ನೀರು ತೋರಿಸಿ ಬೋಟಿನಲ್ಲೇ ಊಟ ಕೊಡುತ್ತೇವೆ. ನನ್ನಾಕೆ, ನಿನ್ನ ವೈನಿ ಗುರವ್ವ, ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುತ್ತಾಳೆ, ಜೊತೆಗೆ ನಮ್ಮೂರ ಗಟ್ಟಿ ಮೊಸರು. ನಾಲ್ಕು ತಾಸಿನ ಸುತ್ತು.

ತೊಂದರೆ ಒಂದೇ. ಗಂಡಸರು ಹಿಂದೆ ಹೋಗಿ ನಿಂತು ಕೆಲಸ ಮುಗಿಸುತ್ತಾರೆ, ನಾಚಿಕೆಗೆಟ್ಟ ಜಾತಿ ನಮ್ಮದು. ಹೆಂಗಸರು ಏನು ಮಾಡಬೇಕು? ಹೋದ ವಾರ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು "ದಂಡಿಗಿ ಹಚ್ಚರಿ ಅಣ್ಣಾರ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದು ಅತ್ತೇ ಬಿಟ್ಟಳು. ಗುರವ್ವನಿಗೆ ಈ ವರ್ಷ ಎರಡು ಸಲ ಉರಿಮೂತ್ರ ಆಯಿತು. ಡಾಕ್ಟರು ನೀರು ಕುಡಿ ಎನ್ನುತ್ತಾರೆ, ಇವಳು ಬೋಟು ಹತ್ತುವ ದಿನ ಗುಟುಕು ನೀರೂ ಮುಟ್ಟುವುದಿಲ್ಲ. ಈಗ ಪರವಾನಗಿ ಕೊಡುವ ಸಾಹೇಬರೂ ಹೇಳಿದ್ದಾರೆ. ಸಂಡಾಸು ಇರಬೇಕು, ಹೊಲಸು ತುಂಬಿಟ್ಟುಕೊಳ್ಳಲು ಟಾಕಿ ಇರಬೇಕು, ಹೊಳೆಗೆ ಬಿಡಕೂಡದು. ಇಲ್ಲದಿದ್ದರೆ ಪರವಾನಗಿ ಇಲ್ಲ.

ನೀನೇ ಬಂದು ಕೂಡಿಸಿಕೊಡು. ಬೇರೆಯವರಿಗೆ ಕೊಟ್ಟರೆ ಸಂಡಾಸಿನ ಜೊತೆ ಬೋಟಿಗೂ ತೂತು ಹಾಕಿ ಹೋಗುತ್ತಾರೆ.

ನಿನ್ನ ಹಾದಿ ಕಾಯುವ,
ರೇವಪ್ಪ

*

ಸಿಂದಗಿ
21 ಅಕ್ಟೋಬರ್ 2024

ಗೆಳೆಯ ರೇವಪ್ಪನಿಗೆ ಹನೀಫನ ಸಲಾಮು.

ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ನಾನು ಊರಿಗೆ ಬಂದಾಗ ಚಹಾ ಕುಡಿಸುತ್ತೀ. ಉಳಿದ ಹನ್ನೊಂದು ತಿಂಗಳು ಇವನು ಇದ್ದಾನೋ ಸತ್ತನೋ ಎಂದು ಕೇಳುವುದಿಲ್ಲ. ಈಗ ನೆನಪಾಯಿತು, ಅದೂ ಸಂಡಾಸಿಗಾಗಿ. ಇರಲಿ, ಬರುತ್ತೇನೆ. ನಿನಗಲ್ಲ, ವೈನಿಯವರಿಗಾಗಿ.

ಮೂವತ್ತು ವರ್ಷದಿಂದ ಮನೆಗಳಿಗೆ ಸಂಡಾಸು ಕೂಡಿಸಿದ್ದೇನೆ. ಬೋಟಿನ ಲೆಕ್ಕ ಬೇರೆ. ಮನೆಯಲ್ಲಿ ಪೈಪಿಗೆ ಒಂದು ಸಲ ಇಳಿಜಾರು ಕೊಟ್ಟರೆ ಮುಗಿಯಿತು. ನೀರಿನ ಮೇಲೆ ಇಳಿಜಾರು ಗಳಿಗೆಗೊಮ್ಮೆ ತಿರುಗುತ್ತದೆ. ಆದ್ದರಿಂದ ಪೈಪು ಗಿಡ್ಡ ಇರಬೇಕು, ಕುಳಿತ ಜಾಗದಿಂದ ನೇರ ಟಾಕಿಗೆ ಬೀಳಬೇಕು. ಟಾಕಿ ಬೋಟಿನ ತಳಕ್ಕೆ ಬೇಡ. ಪಕ್ಕದ ಬಾಕಿನ ಕೆಳಗೆ, ಹೊರಗಿನ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಕೂಡಿಸುತ್ತೇನೆ. ಆ ಭಾರಕ್ಕೆ ಸಮನಾಗಿ ಇನ್ನೊಂದು ಮಗ್ಗುಲಿಗೆ ನೀನು ಕುಡಿಯುವ ನೀರಿನ ಡ್ರಮ್ಮು ಇಡಬೇಕು. ಗಾಳಿ ಹೋಗಲು ಒಂದು ಪೈಪನ್ನು ತಗಡಿನ ಮೇಲಕ್ಕೆ ಬಿಡುತ್ತೇನೆ, ಇಲ್ಲದಿದ್ದರೆ ನಿನ್ನ ಗಿರಾಕಿಗಳು ಊಟ ಬಿಟ್ಟು ಏಳುತ್ತಾರೆ. ಝಳಕಿಯಲ್ಲಿ ಹೆದ್ದಾರಿ ಪಕ್ಕದ ಗುಜರಿಯಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಚಪ್ಪಟೆ ಟಾಕಿಯೊಂದನ್ನು ನೋಡಿಟ್ಟಿದ್ದೇನೆ. ನೂರು ಲೀಟರು ಹಿಡಿಯುತ್ತದೆ. ಮೇಲೊಂದು ಬಾಯಿ ಇಡುತ್ತೇನೆ. ಬಾಗೇವಾಡಿಯಲ್ಲಿ ಹೊಲಸು ಜಗ್ಗುವ ಗಾಡಿ ಇದೆಯಲ್ಲ, ಅದನ್ನು ದಂಡೆಗೆ ಕರೆಸಿ ಆ ಬಾಯಿಯಿಂದ ಜಗ್ಗಿಸಿದರಾಯಿತು.

ಕೂಲಿ ಬೇಡ. ಕರಾರು ಒಂದೇ. ಒಂದು ಹನಿಯೂ ನೀರಿಗೆ ಹೋಗಬಾರದು. ಸಾಹೇಬರಿಗೆ ಹೆದರಿ ಹೇಳುತ್ತಿಲ್ಲ. ಆ ನೀರಿನ ಕೆಳಗೆ ಏನಿದೆ ಎಂದು ನಿನಗೆ ಗೊತ್ತು. ಡ್ಯಾಮಿನ ಹಿನ್ನೀರಿಗೆ ನಮ್ಮ ಹಳೆಯ ಊರು ಮುಳುಗುವ ಎರಡು ವರ್ಷ ಮೊದಲು ನನ್ನ ಅವ್ವನಿಗೆ ಮಣ್ಣು ಕೊಟ್ಟೆವು. ನೀನೂ ಮೂರು ಹಿಡಿ ಹಾಕಿದೆ. ಪೀರಬಿ ನಿನಗೂ ಅವ್ವನೇ ಆಗಿದ್ದಳು, ಆಕೆಯ ಮೊಸರಿನ ಗಡಿಗೆಯ ಕೆನೆ ನನಗಿಂತ ನಿನಗೇ ಹೆಚ್ಚು ಸಿಕ್ಕಿತ್ತು. ಬೇಸಿಗೆಯಲ್ಲಿ ನೀರು ಇಳಿದು ಕಬರಸ್ತಾನದ ಕಲ್ಲು ಹೊರಗೆ ಬಂದಾಗ ವರ್ಷಕ್ಕೊಮ್ಮೆ ಹೋಗಿ ಸುಣ್ಣ ಹಚ್ಚಿ ಫಾತೇಹಾ ಓದಿ ಬರುತ್ತೇವೆ. ಅಷ್ಟೇ ನಮಗೆ ಉಳಿದದ್ದು.

ಡಿಸೆಂಬರಿನಲ್ಲಿ ಬರುತ್ತೇನೆ.

ನಿನ್ನ,
ಹನೀಫ

*

ಕೊಲ್ಹಾರ
16 ಜನವರಿ 2025

ದೋಸ್ತ ಹನೀಫನಿಗೆ,

ನೀನು ಮೂರು ದಿನ ಬೆವರು ಸುರಿಸಿ ಕೂಡಿಸಿದ ಸಂಡಾಸು ಹಿನ್ನೀರಿಗೆಲ್ಲ ಹೆಸರಾಗಿದೆ. ಗುರವ್ವ ಮೊದಲ ದಿನ ಕಾಯಿ ಒಡೆಯಲು ಬಂದಾಗ ನೀನು "ಸಂಡಾಸಿಗಿ ಕಾಯಿ ಒಡಿತಾರೇನ್ರಿ ವೈನಿ" ಎಂದು ನಕ್ಕೆ. ಆಕೆ "ನನ್ನ ಪಾಲಿಗಿ ಇದ ಗುಡಿರಿ" ಎಂದಳು. ಸಂಕ್ರಮಣಕ್ಕೆ ಬೋಟು ತುಂಬಿ ಮಂದಿ ಬಂದಿದ್ದರು. ಮುದುಕಿಯರೂ ಈಗ ಧೈರ್ಯವಾಗಿ ಹತ್ತುತ್ತಾರೆ.

ಆದರೆ ನಿನ್ನ ಬಾಗೇವಾಡಿ ಗಾಡಿಯವನ ಕಥೆ ಕೇಳು. ಒಂದೇ ಒಂದು ಸಲ ಬಂದ. ಟಾಕಿ ನೋಡಿ "ಏನ್ರೀ ಇದು, ಇಷ್ಟ ಸಣ್ಣ ಟಾಕಿಗಿ ಇಷ್ಟ ದೊಡ್ಡ ಗಾಡಿ ತರ್ಬೇಕೇನ್ರಿ" ಎಂದು ನಕ್ಕು ಹೋದವನು ಮತ್ತೆ ಈ ಕಡೆ ಮುಖ ಹಾಕಿಲ್ಲ. ಈಗ ದಂಡೆಯ ಮೇಲೆ ಗುಂಡಿ ತೋಡಿ, ಮೇಲಿನ ಬಾಯಿಯಿಂದ ಡಬ್ಬಿ ಇಳಿಬಿಟ್ಟು ತೆಗೆದು, ಬಕೆಟ್ಟಿನಲ್ಲಿ ಹೊತ್ತು ಗುಂಡಿಗೆ ಹಾಕುತ್ತಿದ್ದೇವೆ. ವಾರಕ್ಕೊಮ್ಮೆ ಈ ಕರ್ಮ ಆಗಲೇಬೇಕು.

ಟಾಕಿಯ ಕೆಳಗೆ ಒಂದು ವಾಲ್ವ್ ಕೂಡಿಸಿಕೊಡು. ತೊಳೆಯಲಿಕ್ಕೆ ಸಸಾರವಾಗುತ್ತದೆ. ಬೇರೆ ಏನೂ ಅಲ್ಲ.

ರೇವಪ್ಪ

*

ಸಿಂದಗಿ
6 ಫೆಬ್ರವರಿ 2025

ಗೆಳೆಯ ರೇವಪ್ಪನಿಗೆ,

ಮೊನ್ನೆ ಬಂದು ವಾಲ್ವ್ ಕೂಡಿಸಿದಾಗ ನೀನು ಇರಲಿಲ್ಲ, ಡೀಸೆಲ್ ತರಲು ಹೋಗಿದ್ದೆ. ಆದ್ದರಿಂದ ಬರೆದು ತಿಳಿಸುತ್ತಿದ್ದೇನೆ. ಮೂರು ಇಂಚಿನ ವಾಲ್ವ್, ಬೋಟಿನ ಮಗ್ಗುಲಿಗೆ ಬಾಯಿ. ಬೋಟು ದಂಡೆಗೆ ಹಚ್ಚಿದ ಮೇಲೆ ಅದಕ್ಕೆ ದಪ್ಪ ಪೈಪು ಸಿಕ್ಕಿಸಿ ಗುಂಡಿಗೆ ಬಿಟ್ಟುಕೋ. ನೀರಿನ ನಡುವೆ ಯಾರೂ ಅದನ್ನು ಮುಟ್ಟಕೂಡದು. ಅದಕ್ಕೇ ಹಿಡಿಕೆ ಬಿಚ್ಚಿ ವೈನಿಯವರ ಕೈಗೆ ಕೊಟ್ಟಿದ್ದೇನೆ. ನಿನ್ನ ಕೈಗೆ ಕೊಡಲು ನನಗೆ ನಂಬಿಕೆ ಇಲ್ಲ, ಬೇಕಾದರೆ ಸಿಟ್ಟಾಗು.

ವೈನಿ ಬಡಕಲಾಗಿದ್ದಾರೆ. ಚಹಾ ಕೊಡುವಾಗ ಕಪ್ಪನ್ನು ಅಂಚಿನಲ್ಲಿ ಹಿಡಿದು ದೂರದಿಂದಲೇ ಇಟ್ಟರು. "ಆರಾಮ ಇಲ್ಲೇನ್ರಿ?" ಎಂದು ಕೇಳಿದೆ. ಏನೋ ಹೇಳಿದರು, ಕಿವಿಗೆ ಬೀಳಲಿಲ್ಲ.

ಹನೀಫ

*

ಸಿಂದಗಿ
12 ಮೇ 2025

ಶ್ರೀ ರೇವಪ್ಪನವರಿಗೆ,

ನಿನ್ನೆ ದಂಡೆಯ ಮೇಲೆ ನಾನು ಒದರಿದ್ದು ನನಗೇ ಕೇಳಲಿಲ್ಲ. ಊರಿಗೆಲ್ಲ ಕೇಳಿತಂತೆ. ಒದರಿದ್ದಕ್ಕೆ ಕ್ಷಮೆ ಕೇಳಲು ಈ ಕಾಗದ ಬರೆಯುತ್ತಿಲ್ಲ. ಒದರುವಾಗ ಬಾಯಿಗೆ ಬಾರದೇ ಉಳಿದದ್ದನ್ನು ಬರೆಯುತ್ತಿದ್ದೇನೆ.

ನೀರು ಈ ಸಲ ಬೇಗ ಇಳಿದಿದೆ ಎಂದು ಕೇಳಿ ಸುಣ್ಣದ ಡಬ್ಬಿ, ಕುಂಚ, ಹೂವು ತಗೊಂಡು ಬಂದೆ. ಕೆಸರು ದಾಟಿ ಹೋದರೆ ಅವ್ವನ ಗೋರಿಯ ಕಲ್ಲು ಕಾಣಲಿಲ್ಲ. ಯಾಕೆ ಕಾಣಲಿಲ್ಲ ಎಂದರೆ ಅದರ ಮೇಲೆ ಹೊಲಸು ಒಣಗಿ ಹೆಪ್ಪುಗಟ್ಟಿತ್ತು. ಹೆಂಗಸರು ಬಳಸಿ ಬಿಸಾಡಿದ ಪ್ಯಾಡು, ಒರೆಸಿದ ಕಾಗದ, ಮಿಕ್ಕದ್ದು ಏನು ಎಂದು ನಾನು ಬರೆಯಬೇಕಿಲ್ಲ. ಸುತ್ತಲಿನ ಹತ್ತು ಗೋರಿಗಳಿಗೂ ಅದೇ ಗತಿ. ಮೀನು ಹಿಡಿಯುವ ದಾವಲಮಲಿಕ ನಿಂತು ನೋಡುತ್ತಿದ್ದ. ಅವನ ತಂದೆಯೂ ಅಲ್ಲೇ ಮಲಗಿದ್ದಾನೆ. ಅವನು ನನ್ನ ಕಿವಿಗೆ ಬಾಯಿ ಹಚ್ಚಿ, "ನಿಮ್ಮ ದೋಸ್ತಂದ ಬೋಟ ಮಹಾರಾಯ್ರ, ಶಿವರಾತ್ರಿಯಿಂದ ಇಲ್ಲೇ ಖಾಲಿ ಮಾಡಾಕತ್ತೈತಿ" ಎಂದ.

ಆ ಜಾಗಕ್ಕೆ ಮಂದಿ ಬಲೆ ಹಾಕದಿರುವುದು ಬಲೆ ಹರಿದೀತು ಎಂದೇ? ನಿಮ್ಮ ಅಂಬಿಗರೂ ಹಾಕುವುದಿಲ್ಲ, ನಮ್ಮವರೂ ಹಾಕುವುದಿಲ್ಲ. ಕೆಳಗೆ ಮಲಗಿದವರಿಗೆ ಕಾಲು ತಾಕೀತು ಎಂದು ಇಪ್ಪತ್ತು ವರ್ಷದಿಂದ ಎರಡೂ ಓಣಿಯವರು ಬಾಯಿಬಿಟ್ಟು ಹೇಳದೆ ಪಾಲಿಸಿದ ರಿವಾಜು ಅದು. ಇಡೀ ಹಿನ್ನೀರು ಬಿದ್ದಿತ್ತು. ನಿಮಗೆ ಬೇರೆ ಜಾಗ ಸಿಗಲಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ಇಲ್ಲಿ ಅಂಬಿಗನೇ ಹಂಗು ಮರೆತ. ನೀವು ತಿಂದ ಕೆನೆಗೆ ಒಳ್ಳೆಯ ಬೆಲೆ ಕಟ್ಟಿದಿರಿ.

ನಿನ್ನೆ ಸಂಜೆಯವರೆಗೆ ಕೈಯಿಂದ ಕೆರೆದೆ. ಸುಣ್ಣ ಹಿಡಿಯಲಿಲ್ಲ.

ಮಹಮ್ಮದಹನೀಫ

*

ಕೊಲ್ಹಾರ
17 ಮೇ 2025

ಮಹಮ್ಮದಹನೀಫ ಮಿಸ್ತ್ರಿಯವರಿಗೆ,

ಹೌದು, ನಾನೇ ಬಿಟ್ಟೆ. ನನ್ನ ಕೈಯಾರೆ ವಾಲ್ವ್ ತಿರುಗಿಸಿ ಬಿಟ್ಟೆ. ಬೇರೆ ಯಾರನ್ನೂ ಇದರಲ್ಲಿ ಎಳೆಯಬೇಡಿ.

ಊರ ಮುಂದೆ ನನ್ನ ಎದೆಯ ಅಂಗಿ ಹಿಡಿದು "ಹರಾಮಖೋರ" ಎಂದಿರಿ. ಬೋಟು ಹತ್ತಲು ನಿಂತ ಮಂದಿ ತಿರುಗಿ ಹೋದರು. ಈಗ ನಾನು ಕೇಳುತ್ತೇನೆ, ಉತ್ತರ ಕೊಡಿ. ಸಿಂದಗಿಯಲ್ಲಿ ನೀವು ಕೂಡಿಸಿದ ಸಂಡಾಸುಗಳ ಪೈಪು ಎಲ್ಲಿಗೆ ಹೋಗುತ್ತವೆ? ಎಲ್ಲಾ ಮನೆಗೂ ಗುಂಡಿ ತೋಡಿಸಿದ್ದೀರೋ, ಅರ್ಧ ಮನೆಯದನ್ನು ಗಟಾರಕ್ಕೆ ತಿರುಗಿಸಿ ಕೂಲಿ ತಗೊಂಡು ಬಂದಿದ್ದೀರೋ? ಆ ಗಟಾರ ಹಳ್ಳಕ್ಕೆ, ಹಳ್ಳ ಹೊಳೆಗೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಆ ನೀರಿನಲ್ಲಿ ನಿಮ್ಮ ಅವ್ವ ಒಬ್ಬಳೇ ಇಲ್ಲ. ನಾನು ಹುಟ್ಟಿದ ಮನೆ ಇದೆ, ನನ್ನ ದೇವರ ಕಟ್ಟೆ ಇದೆ. ನೀವು ಸಿಂದಗಿಗೆ ಹೋಗಿ ವರ್ಷಕ್ಕೊಮ್ಮೆ ಅಳಲು ಬರುತ್ತೀರಿ. ನಾನು ದಿನಾ ಅದರ ಮೇಲೆ ಹೊಟ್ಟೆ ಹೊರೆಯುತ್ತೇನೆ. ಸತ್ತವರ ಮೇಲೆ ಹೊಲಸು ಬೀಳಬಾರದು, ಒಪ್ಪಿದೆ. ಬದುಕಿದವರು ಅದನ್ನು ಎಲ್ಲಿ ಇಡಬೇಕು ಎಂದು ನೀವು ಹೇಳಲಿಲ್ಲ.

ಇನ್ನು ಮೇಲೆ ಈ ದಂಡೆಗೆ ಕಾಲಿಡಬೇಡಿ. ಮಾನಪ್ಪನಿಗೂ ಹೇಳಿದ್ದೇನೆ, ನಿಮ್ಮ ಕಾಗದ ತರಬಾರದೆಂದು.

ರೇವಪ್ಪ

*

ಕೊಲ್ಹಾರ
26 ಮೇ 2025

ಹನೀಫಣ್ಣನವರಿಗೆ ಗುರವ್ವ ಮಾಡುವ ಶರಣು.

ಲಚ್ಯಾಣದ ಸಾಲಿಯಲ್ಲಿ ಏಳನೆಯ ಇಯತ್ತೆ ತನಕ ಕಲಿತಿದ್ದೇನೆ. ತಪ್ಪಿದ್ದರೆ ನಗಬೇಡಿರಿ. ಮಾನಪ್ಪ ಈ ಕಾಗದ ಒಯ್ಯುವುದಿಲ್ಲ ಎಂದ. ಇವರೊಬ್ಬರೇ ಅಲ್ಲ, ನಾನೂ ಈ ಮನೆಯವಳೇ ಎಂದು ಬೈದು ಕೊಟ್ಟು ಕಳಿಸಿದ್ದೇನೆ. ನೀವಿಬ್ಬರೂ ಬರೆದ ಕಾಗದ ಎಲ್ಲ ಓದಿದೆ. ಇವರು ಬರೆದದ್ದನ್ನೂ ಕೊಡುವ ಮೊದಲು ಓದಿದೆ.

ಇವರು ಬಿಡಲಿಲ್ಲ. ಬಿಟ್ಟವಳು ನಾನು. ಹಿಡಿಕೆ ನನ್ನ ಹತ್ತಿರ ಇತ್ತಲ್ಲ, ನೀವೇ ಕೊಟ್ಟದ್ದು.

ಜನವರಿಯಲ್ಲಿ "ಹೊತ್ತು ಗುಂಡಿಗೆ ಹಾಕುತ್ತಿದ್ದೇವೆ" ಎಂದು ಇವರು ನಿಮಗೆ ಬರೆದಿದ್ದಾರೆ. ಆ "ನಾವು" ಯಾರು ಎಂದು ನೀವು ಕೇಳಲಿಲ್ಲ. ಡಿಸೆಂಬರಿನಿಂದ ಫೆಬ್ರವರಿ ತನಕ ಹತ್ತು ಬಕೆಟ್ಟು, ವಾರಕ್ಕೊಮ್ಮೆ, ಏರು ದಂಡೆ. ಇವರು ಮೊದಲನೆಯ ದಿನ ಒಂದು ಬಕೆಟ್ಟು ಎತ್ತಿ, ಓಕರಿಸಿ, "ನನ್ನ ಕೈಲಿ ಆಗೂದಿಲ್ಲ, ಮಂದಿ ನೋಡಾಕತ್ತಾರ" ಎಂದು ಮನೆಗೆ ಹೋದರು. ನನ್ನನ್ನೂ ಮಂದಿ ನೋಡುತ್ತಿದ್ದರು. ಆ ಕೈಯಲ್ಲೇ ಮರುದಿನ ರೊಟ್ಟಿ ಬಡಿಯಬೇಕಿತ್ತು. ಎಷ್ಟು ಸಲ ಸಬಕಾರ ಹಚ್ಚಿ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಅದಕ್ಕೇ ನಿಮಗೆ ಚಹಾ ಕಪ್ಪು ಅಂಚಿನಲ್ಲಿ ಹಿಡಿದು ಕೊಟ್ಟೆ. ನೀವು ಆರಾಮ ಇಲ್ಲೇನು ಎಂದು ಕೇಳಿದಾಗ ನಾನು ಹೇಳಿದ್ದು ಇದನ್ನೇ. ನಿಮಗೆ ಕೇಳಿಸಲಿಲ್ಲ. ನಾನು ಎರಡನೆಯ ಸಲ ಹೇಳಲಿಲ್ಲ, ಒದರಿ ಹೇಳುವ ಮಾತಲ್ಲ ಅದು.

ಆಮೇಲೆ ವಾಲ್ವ್ ಬಂತು. ದಂಡೆಗೆ ಹಚ್ಚಿ ಪೈಪು ಸಿಕ್ಕಿಸಿ ಗುಂಡಿಗೆ ಬಿಡಿ ಎಂದಿರಿ. ಬೋಟು ಕೆಳಗೆ ನೀರಿನಲ್ಲಿ, ಗುಂಡಿ ಮೇಲೆ ದಂಡೆಯಲ್ಲಿ. ಅಣ್ಣಾರ, ನಾನು ಹೆಚ್ಚು ಓದದವಳು, ನೀವು ಮಿಸ್ತ್ರಿ. ಹೊಲಸು ಏರು ಹತ್ತುತ್ತದೆಯೇ? ಎರಡು ಸಲ ಪೈಪು ಹಚ್ಚಿ ನೋಡಿದೆ. ಎರಡೂ ಸಲ ನನ್ನ ಕಾಲ ಮೇಲೆ ಬಿತ್ತು. ಮತ್ತೆ ಬಕೆಟ್ಟು ಹಿಡಿಯಲು ನನ್ನಿಂದ ಆಗಲಿಲ್ಲ.

ಎಲ್ಲಿ ಬಿಡಬೇಕು ಎಂದು ನಾನು ಬಹಳ ವಿಚಾರ ಮಾಡಿದೆ. ಬಲೆ ಹಾಕುವ ಕಡೆ ಬಿಟ್ಟರೆ ಮೀನಿನವರ ಹೊಟ್ಟೆಯ ಮೇಲೆ ಹೊಡೆದಂತೆ. ಊರಿಗೆ ನೀರು ಜಗ್ಗುವ ಕಡೆ ಬಿಟ್ಟರೆ ಪಾಪ. ಒಂದು ಜಾಗಕ್ಕೆ ಮಾತ್ರ ಯಾರೂ ಬಲೆ ಹಾಕುವುದಿಲ್ಲ, ಯಾರೂ ಹೋಗುವುದಿಲ್ಲ. ಯಾರಿಗೂ ಬೇಡವಾದ ನೀರು ಎಂದುಕೊಂಡೆ. ಮೊದಲ ಸಲ ಇವರಿಗೆ "ಇಲ್ಲಿ ಬಿಡ್ಲೇನ್ರಿ?" ಎಂದು ಕೇಳಿದೆ. ಇವರು ಮಷಿನ್ ಬಂದ್ ಮಾಡಿದರು. ನನ್ನ ಕಡೆ ನೋಡಲಿಲ್ಲ. ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ನಾನು ಬಿಟ್ಟೆ.

ನಾನು ಈ ಊರಿಗೆ ಸೊಸೆಯಾಗಿ ಬರುವಾಗಲೇ ಹಳೆಯ ಊರು ನೀರೊಳಗೆ ಹೋಗಿತ್ತು. ಅಲ್ಲಿನ ಓಣಿ ಯಾವುದು, ಕಬರಸ್ತಾನ ಯಾವುದು, ನಾನು ಕಂಡವಳಲ್ಲ. ಬೇಸಿಗೆಯಲ್ಲಿ ನೀವು ಸುಣ್ಣದ ಡಬ್ಬಿ ಹಿಡಿದು ಕೆಸರು ದಾಟಿ ಹೋಗುವುದನ್ನು ದೂರದಿಂದ ನೋಡುತ್ತಿದ್ದೆ. ಆ ಜಾಗವೇ ಫೆಬ್ರವರಿಯಲ್ಲಿ ನನ್ನ ಬೋಟಿನ ಕೆಳಗೆ ಇರುತ್ತದೆ ಎಂದು ಯಾರು ಹೇಳಿದರು ನನಗೆ? ಬಾಯಿಬಿಟ್ಟು ಹೇಳದ ರಿವಾಜು ಎಂದು ನೀವು ಹೆಮ್ಮೆಯಿಂದ ಬರೆದಿದ್ದೀರಿ. ಹುಟ್ಟಿದವರಿಗೆ ಅದು ಹೇಳದೆ ತಿಳಿಯುತ್ತದೆ. ಬಂದವಳಿಗೆ ಹೇಳಬೇಕು.

ನೀವು ದಂಡೆಯ ಮೇಲೆ ಒದರಿದ ದಿನ ನನಗೆ ತಿಳಿಯಿತು. ಮನೆಗೆ ಬಂದು ಇವರನ್ನು "ನಿಮಗ ಗೊತ್ತಿತ್ತಲ್ರಿ?" ಎಂದು ಕೇಳಿದೆ. "ನಿನ್ನ ಬಕೀಟ ಬಿಡಿಸ್ಬೇಕಂತ ಸುಮ್ಮನಿದ್ದೆ" ಎಂದರು. ನನ್ನ ಮೇಲಿನ ಕರುಣೆ ಅಂತೆ. ಕರುಣೆ ಇದ್ದವರು ಇನ್ನೊಂದು ಬಕೆಟ್ಟು ಹಿಡಿಯಬಹುದಿತ್ತು.

ಪೀರಬಿ ಅವ್ವನ ಮುಖ ನಾನು ನೋಡಿಲ್ಲ. ಆಕೆಯ ಮೇಲೆ ನನ್ನ ಕೈಯಿಂದ ಇದಾಯಿತು ಎಂದು ಅನ್ನ ಸೇರುತ್ತಿಲ್ಲ. ಆಕೆಗೆ ತಪ್ಪಾಯಿತು ಎನ್ನುತ್ತೇನೆ. ನಿಮಗೆ ಅಲ್ಲ, ಇವರಿಗೂ ಅಲ್ಲ.

ನಿನ್ನೆ ಮೀನಿನವರ ಕಡೆಯ ಒಬ್ಬನನ್ನು ಕರೆಸಿ ವಾಲ್ವಿನ ಬಾಯಿ ಪೂರ್ತಿ ಮುಚ್ಚಿಸಿದ್ದೇನೆ. ಸಾಲಿ ಸೂಟಿಯ ಕಡೆಯ ವಾರ, ಮಂದಿ ಬಹಳ. ಬರುವ ಐತವಾರಕ್ಕೆ ಟಾಕಿ ತುಂಬುತ್ತದೆ. ದಂಡೆಯ ಮೇಲೆ ಎರಡು ಬಕೆಟ್ಟು ಇಟ್ಟಿರುತ್ತೇನೆ. ಒಂದು ನಿಮಗೆ, ಒಂದು ಇವರಿಗೆ. ಅವ್ವ ಇಬ್ಬರಿಗೂ ಅವ್ವ ಅಲ್ಲವೇ? ಬಂದು ಹೊರ್ರಿ.

ಗುರವ್ವ

*

ಸಿಂದಗಿ
2 ಜೂನ್ 2025

ರೇವಪ್ಪ,

ನಿನ್ನೆ ಬಂದಿದ್ದೆ. ನೀನು ಇರಲಿಲ್ಲ. ಮುದ್ದೇಬಿಹಾಳದಲ್ಲಿ ಬೀಗರ ಮನೆಯ ಬಸುರಿಯ ಕುಬಸದ ಕಾರ್ಯಕ್ರಮಕ್ಕೆ ಹೋಗಿದ್ದೀ ಎಂದು ವೈನಿ ಹೇಳಿದರು. ಹೋಗಬೇಕಾದ ಕಾರ್ಯಕ್ರಮವೇ ಇರಬಹುದು. ಬೋಟು ನಡೆಸಲು ಬೇರೊಬ್ಬನಿಗೆ ಹೇಳಿ ಬೆಳಿಗ್ಗೆ ಆರಕ್ಕೇ ಹೋದೆಯಂತೆ.

ಈ ಕಾಗದ ನಿನಗೆ ಬೈಯಲು ಅಲ್ಲ. ಬೈಯುವ ಬಾಯಿ ನನಗೆ ಉಳಿದಿಲ್ಲ. ವಾಲ್ವ್ ಕೂಡಿಸುವ ದಿನ ದಂಡೆಯ ಏರು ನನ್ನ ಕಣ್ಣ ಮುಂದೆಯೇ ಇತ್ತು. ಹೊಲಸು ಏರು ಹತ್ತುವುದಿಲ್ಲ ಎಂಬುದು ಕೆಲಸ ಕಲಿಯಲು ಬಂದ ಹುಡುಗನಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಎಲ್ಲೋ ಬಿಡುತ್ತಾರೆ, ನನಗೆ ಕಾಣದಿದ್ದರೆ ಸಾಕು ಎಂದುಕೊಂಡೆ. ಹಿಡಿಕೆ ವೈನಿ ಕೈಗೆ ಕೊಟ್ಟು ಪಾಪವನ್ನೂ ಅವರ ಕೈಗೇ ದಾಟಿಸಿ ಬಸ್ಸು ಹತ್ತಿದೆ. ಆಮೇಲೆ ನಿನ್ನ ಅಂಗಿ ಹಿಡಿದು ಒದರಿದೆ.

ಮೊದಲನೆಯ ಬಕೆಟ್ಟಿಗೆ ವಾಂತಿ ಮಾಡಿದೆ. ಮೂರನೆಯದಕ್ಕೆ ಕಾಲು ಜಾರಿ ಅರ್ಧ ಮೈಮೇಲೆ ಬಿತ್ತು. ದಂಡೆಯ ಮೇಲಿನ ಮಂದಿ ಮೂಗು ಮುಚ್ಚಿಕೊಂಡು ನಕ್ಕರು. ನನಗೆ ನಗು ಕೇಳುವುದಿಲ್ಲ, ಆದರೆ ಹಲ್ಲು ಕಾಣುತ್ತವೆ. ವೈನಿ ಗುಂಡಿಯ ಹತ್ತಿರ ಕುಳಿತು ನೋಡುತ್ತಿದ್ದರು.

ಐದನೆಯ ಬಕೆಟ್ಟಿನ ಹೊತ್ತಿಗೆ ನನ್ನ ಸೊಂಟ ಹಿಡಿಯಿತು. ಏಳಲಾಗದೆ ಕೆಸರಿನಲ್ಲೇ ಕುಳಿತೆ. ಟಾಕಿಯಲ್ಲಿ ಇನ್ನೂ ಅರ್ಧ ಇತ್ತು, ಬೋಟಿಗೆ ಹತ್ತು ಗಂಟೆಗೆ ಗಿರಾಕಿ. ವೈನಿ ಎದ್ದರು. ನಿನಗೆಂದು ಇಟ್ಟ ಬಕೆಟ್ಟು ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೋಟಿಗೆ ಇಳಿದರು. "ಬ್ಯಾಡ್ರಿ ವೈನಿ, ನಾ ಮಾಡ್ತೇನಿ" ಎಂದೆ. ಆದರೆ ಏಳಲಿಲ್ಲ. ಏಳಲು ಆಗಲಿಲ್ಲವೋ, ಅವರು ಇಳಿದದ್ದನ್ನು ನೋಡಿ ಜೀವ ಹಗುರಾಯಿತೋ, ನಾನು ಖರೆ ಹೇಳಲಾರೆ. ಉಳಿದ ಐದನ್ನೂ ಅವರೇ ಹೊತ್ತರು. ನಾನು ಕುಳಿತು ನೋಡಿದೆ.

ಮುಂದಿನ ಐತವಾರ ಟಾಕಿ ಮತ್ತೆ ತುಂಬುತ್ತದೆ. ನೀನು ಬರುವುದಿಲ್ಲ. ನಾನು ಬರುತ್ತೇನೆ ಎಂದು ವೈನಿಗೆ ಹೇಳಿ ಬಂದಿದ್ದೇನೆ. ಅವರು ನನ್ನ ಮುಖ ನೋಡಿ, ತಾವು ಹೊತ್ತ ಬಕೆಟ್ಟು ತೊಳೆದು ಕವುಚಿ ಇಟ್ಟರು, ಅದೊಂದನ್ನೇ.

ಮಹಮ್ಮದಹನೀಫ